ಕಂಬಳಿಯ ಮೇಲೆ ಐದು ಜನ

ನಮ್ಮ ಮನೆಯ ಬೀರುವಿನ ನೆತ್ತಿಯ ಮೇಲೆ ಒಂದು ಕರಿಕಂಬಳಿ ನಾಲ್ಕು ಮಡಿಕೆಯಾಗಿ ಕುಳಿತಿದೆ. ಹೊದೆಯುವವರಿಲ್ಲದ ಕಂಬಳಿ ಅದು. ಹೊಸದುರ್ಗದಲ್ಲಿ ಬೀಳುವ ಚಳಿಗೆ ನನ್ನ ಹಳೆಯ ಶಾಲು ಮತ್ತು ನನ್ನಾಕೆ ತನ್ನ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿ ಇವೆರಡೇ ಧಾರಾಳ. ಹುಣಸೆಬೀಜದ ಗಂಜಿ ಕುಡಿದ ಮೈ ಈ ಕಂಬಳಿಯದು. ಹೇಗೆ ಮಡಿಸಿದರೆ ಹಾಗೇ ಬಿಗಿದುಕೊಂಡು ನಿಲ್ಲುತ್ತದೆ, ಮಳೆಗಾಲದ ತೇವ ತಗುಲಿದರೆ ನಡುಮನೆಯಲ್ಲಿ ಒಂದು ಕುರಿಮಂದೆ ಬಂದು ಹೋದಂಥ ವಾಸನೆ ಬಿಡುತ್ತದೆ. ಮೊನ್ನೆ ನಮ್ಮ ಸೊಸೆ, ಮೈಸೂರು ಕಡೆಯ ಹುಡುಗಿ, ಗ್ಯಾಸ್ ಸಿಲಿಂಡರು ಉರುಳಿಸುವಾಗ ನೆಲ ಗೀಚುತ್ತದೆಂದು ಸಿಲಿಂಡರಿನ ಕೆಳಗೆ ಹಾಸಲು ಅದನ್ನು ಕೇಳಿದಳು. ಬೇಡಮ್ಮ ಎಂದೆ. ಯಾಕೆ ಮಾವ ಎಂದಳು. ಆ 'ಯಾಕೆ'ಗೆ ಒಂದು ಮಾತಿನ ಉತ್ತರ ನನ್ನಲ್ಲಿರಲಿಲ್ಲ. ಇದ್ದಿದ್ದರೆ ನಿಮ್ಮನ್ನು ಕೂರಿಸಿಕೊಂಡು ಇಷ್ಟುದ್ದ ಹೇಳುವ ಪ್ರಮೇಯವೂ ಬರುತ್ತಿರಲಿಲ್ಲ.

ಈ ಕಂಬಳಿಗೆ ಒಬ್ಬ ಅಣ್ಣನಿದ್ದ, ಇದೇ ಬಣ್ಣ, ಇದೇ ಅಳತೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಡಿಸೆಂಬರಿನ ಬೆಳಿಗ್ಗೆ, ಉತ್ತರ ದೇಶದ ಯಾವುದೋ ಸಣ್ಣ ರೈಲುನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ, ಹತ್ತು ಮಾರು ಆಚೆಗಿನ ಕಂಬವೂ ಕಾಣದಂಥ ಮಂಜಿನ ನಡುವೆ, ಅದರ ಮೇಲೆ ನಾವು ಐದು ಜನ ಕುಳಿತಿದ್ದೆವು. ಹೊಳಲ್ಕೆರೆಯಲ್ಲಿ ಸ್ವಂತದ ಸಣ್ಣ ಆಸ್ಪತ್ರೆ ಇಟ್ಟುಕೊಂಡಿದ್ದ ಕಣ್ಣಿನ ಡಾಕ್ಟರು ಪರಮೇಶ್ವರಪ್ಪ. ದುರ್ಗದಿಂದ ದಿನಾ ಬಸ್ಸಿನಲ್ಲಿ ಬಂದುಹೋಗಿ ಅಲ್ಲಿ ನರ್ಸಾಗಿ ದುಡಿಯುತ್ತಿದ್ದ ಸಿಸ್ಟರ್ ಗ್ರೇಸಮ್ಮ. ಹಿರಿಯೂರಿನಲ್ಲಿ ಔಷಧದ ಅಂಗಡಿಯಿದ್ದ, ತೂಕದಲ್ಲೂ ಮಾತಿನಲ್ಲೂ ನಮ್ಮೆಲ್ಲರಿಗಿಂತ ಭಾರಿಯಾದ ಶೆಟ್ಟರು. ಬಾಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ನಾನು. ಮತ್ತು ಕಂಬಳಿಯ ಒಡೆಯ, ಮತ್ತೋಡಿನ ತಿಪ್ಪಣ್ಣ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಇಪ್ಪತ್ತು ವರ್ಷ ಕುರಿಯ ಹಿಂದೆ ತಿರುಗಿ, ಆಮೇಲೆ ಡಾಕ್ಟರ ಆಪರೇಷನ್ ಕೋಣೆಯಲ್ಲಿ ಸಾಮಾನು ಕುದಿಸಿ ಕೊಡುವ ಕೆಲಸಕ್ಕೆ ನಿಂತ ಮನುಷ್ಯ ಅವನು. ಓದು ಬರಹ ಬಾರದು. ಆದರೆ ಯಾವ ಚಿಮಟ ಯಾವ ಹೊತ್ತಿಗೆ ಬೇಕೆಂದು ಡಾಕ್ಟರು ಬಾಯಿ ಬಿಡುವ ಮೊದಲೇ ಅವನ ಕೈ ಚಾಚಿರುತ್ತಿತ್ತು.

ನಾವು ಹೊರಟಿದ್ದು ನೇಪಾಳಕ್ಕೆ. ಅಲ್ಲಿಯ ಗುಡ್ಡದೂರೊಂದರ ಹೆಡ್‌ಮಾಸ್ಟರು ಹಿಂದೆ ಯಾವಾಗಲೋ ಬೆಂಗಳೂರಿಗೆ ಕಣ್ಣು ತೋರಿಸಿಕೊಳ್ಳಲು ಬಂದಾಗ ಅಲ್ಲಿ ಕೆಲಸದಲ್ಲಿದ್ದ ನಮ್ಮ ಡಾಕ್ಟರಿಗೆ ಪರಿಚಯವಾಗಿ, ಪರಿಚಯ ಕಾಗದಗಳಾಗಿ, ಕಾಗದಗಳು ಕೊನೆಗೊಂದು ಆಹ್ವಾನವಾಗಿ ಬೆಳೆದಿದ್ದವು. ಚಳಿಗಾಲದ ರಜೆಯಲ್ಲಿ ಅವರ ಶಾಲೆಯ ಕೋಣೆಗಳು ಖಾಲಿ. ಮೂರು ದಿನ ಅಲ್ಲಿ ಪೊರೆ ತೆಗೆಯುವ ಶಿಬಿರ ಮಾಡುವುದು, ಹಿಂದಿರುಗುವುದು. ಹಿಂದಿನ ವರ್ಷ ಡಾಕ್ಟರು, ಗ್ರೇಸಮ್ಮ, ತಿಪ್ಪಣ್ಣ ಮೂವರೇ ಹೋಗಿ ಬಂದಿದ್ದರು. ಈ ವರ್ಷ ಔಷಧದ ಉಸ್ತುವಾರಿಗೆ ಶೆಟ್ಟರು, ಹೆಸರು ಬರೆದು ಸಾಲು ನಿಲ್ಲಿಸಲು ನಾನು. ನಾನು ಹೊರಟ ಸುದ್ದಿ ತಿಳಿದು ಬಾಗೂರಿನ ಹೋಟೆಲಿನಲ್ಲಿ ಒಬ್ಬರು, "ಯಾಕ್ರೀ ಮೇಷ್ಟ್ರೇ, ನಮ್ಮೂರಾಗೆ ಕುರುಡ್ರು ಸಾಲದಾದ್ರೇನು" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ದೂರದವರಿಗೆ ಮಾಡಿದ್ದಕ್ಕೆ ಸೇವೆಯೆಂದೂ ಹತ್ತಿರದವರಿಗೆ ಮಾಡಿದ್ದಕ್ಕೆ ಕೆಲಸವೆಂದೂ ಹೆಸರಿಡುವ ನಮ್ಮ ಅಭ್ಯಾಸ ಎಲ್ಲಿಂದ ಬಂತೋ ತಿಳಿಯದು. ಅವತ್ತು ಚಹಾ ಕುಡಿದು ಎದ್ದು ಬಂದಿದ್ದೆ.

ತೊಡಕು ಶುರುವಾದದ್ದು ಊರು ಬಿಡುವ ಮೊದಲೇ. ಡಾಕ್ಟರು ಪಂಚಾಂಗ ನೋಡದೆ ನೇರ ರೈಲಿಗೆ ಐದು ಟಿಕೆಟ್ ಮಾಡಿಸಿದ್ದರು. ಹೊರಡುವ ವಾರವಷ್ಟೇ ತಿಪ್ಪಣ್ಣನಿಗೆ ಗೊತ್ತಾಯಿತು, ಆ ದಿನ ಅಮಾವಾಸ್ಯೆ. "ಅಮಾಸಿ ದಿನ ಊರು ದಾಟಂಗಿಲ್ರೀ ಸಾಹೇಬ್ರೆ" ಎಂದನಂತೆ. ನಗುತ್ತಾರೆ, ಬೈಯುತ್ತಾರೆ, ಕೊನೆಗೆ ಹೊರಡಿಸುತ್ತಾರೆ ಎಂದು ನಾವೆಲ್ಲ ಎಣಿಸಿದ್ದೆವು. ಡಾಕ್ಟರು ನಗಲೂ ಇಲ್ಲ, ಬೈಯಲೂ ಇಲ್ಲ. ತಿಪ್ಪಣ್ಣ ಇಲ್ಲದೆ ಆಪರೇಷನ್ ಆಗುವುದಿಲ್ಲ, ಅವನಿಗೆ ಬೇಡವಾದರೆ ಒಂದು ದಿನ ತಡವಾಗಿ ಹೋಗೋಣ ಎಂದುಬಿಟ್ಟರು. ನೇರ ರೈಲು ವಾರಕ್ಕೊಮ್ಮೆ ಮಾತ್ರ ಇದ್ದದ್ದು. ಅದು ತಪ್ಪಿತು. ಮರುದಿನ ಹೊರಟವರು ಎರಡು ಕಡೆ ಗಾಡಿ ಬದಲಿಸಬೇಕಾಯಿತು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿತು, ಮೂರನೆಯದಕ್ಕೆ ಕಾಯ್ದು ಹತ್ತಿದರೆ ಅದು ಮಂಜಿಗೆ ಸಿಕ್ಕಿತು. ಉತ್ತರದ ಮಂಜನ್ನು ನಾನು ಅಲ್ಲಿಯವರೆಗೆ ಪಾಠದಲ್ಲಿ ಹೇಳಿದ್ದೆನೇ ಹೊರತು ನೋಡಿರಲಿಲ್ಲ. ನಮ್ಮ ಕಡೆ ಮಂಜೆಂದರೆ ಬಿಸಿಲು ಬರುವವರೆಗಿನ ನೆಂಟ. ಅಲ್ಲಿ ಅದು ಮನೆಯ ಯಜಮಾನ. ರೈಲು ಮೂರು ಮೈಲಿ ನಡೆಯುವುದು, ಎರಡು ತಾಸು ನಿಲ್ಲುವುದು, ಹೀಗೆ ತೆವಳುತ್ತ ಆ ಸಣ್ಣ ನಿಲ್ದಾಣಕ್ಕೆ ಬಂದು ಅಲ್ಲೇ ಮಲಗಿಬಿಟ್ಟಿತು.

ಈ ಇಡೀ ದಾರಿಯಲ್ಲಿ ನಮಗೆ ಸಿಕ್ಕ ಒಂದೇ ಮನರಂಜನೆ ತಿಪ್ಪಣ್ಣ. ಚಹಾ ತಣ್ಣಗಿದ್ದರೆ ಅವನ ಅಮಾಸಿ, ಕಿಟಕಿಯ ಬಾಗಿಲು ಬೀಳದಿದ್ದರೆ ಅವನ ಅಮಾಸಿ. "ಲೇ ತಿಪ್ಪಣ್ಣ, ಹೊರಗೆ ನೋಡು, ನಿನ್ನ ಅಮಾಸಿ ಇನ್ನೂ ಮುಗ್ದಿಲ್ಲ ಕಣೋ" ಎಂದು ಶೆಟ್ಟರು ದಿನಕ್ಕೆ ನಾಲ್ಕು ಸಲವಾದರೂ ಹೇಳುವರು. ಅವರಿಗಿಂತ ಒಂದು ಕೈ ಮುಂದೆ ನಾನು. ವಿಜ್ಞಾನದ ಮೇಷ್ಟ್ರಲ್ಲವೇ, ಚಂದ್ರ ಎಂದರೇನು, ಅವನ ನೆರಳು ಬೆಳಕೆಂದರೇನು ಎಂಬುದನ್ನು ರೈಲುಡಬ್ಬಿಯಲ್ಲಿ ಕಿತ್ತಳೆಹಣ್ಣು ಹಿಡಿದು ಅವನಿಗೆ ಪಾಠ ಮಾಡಿದೆ. ಪಕ್ಕದ ಸೀಟಿನ ಹಿಂದಿಯವರು ಭಾಷೆ ತಿಳಿಯದಿದ್ದರೂ ನಕ್ಕರು. ತಿಪ್ಪಣ್ಣ ಕಿತ್ತಳೆಯನ್ನು ಕೇಳಿ ಇಸಿದುಕೊಂಡು, ಸುಲಿದು, ಎಲ್ಲರಿಗೂ ಎರಡೆರಡು ತೊಳೆ ಹಂಚಿದ. ಡಾಕ್ಟರು ಕಿಟಕಿಯಾಚೆ ನೋಡುತ್ತಿದ್ದರು. ಅವರು ಒಂದು ಮಾತು ಆಡಿದ್ದರೆ ನಮ್ಮ ಬಾಯಿ ಮುಚ್ಚುತ್ತಿತ್ತು. ಆಡಲಿಲ್ಲ.

ಆ ಬೆಳಿಗ್ಗೆ ಎಂಟು ಗಂಟೆ ಇರಬೇಕು. ಚಂದ್ರ ಪಂಚಮಿ ದಾಟಿದ್ದ. ನಮ್ಮ ಶಿಬಿರದ ಮೂರು ದಿನಗಳಲ್ಲಿ ಮೊದಲನೆಯದು ಅವತ್ತೇ ಶುರುವಾಗಬೇಕಿತ್ತು, ನಾವಿನ್ನೂ ಗಡಿಯನ್ನೇ ಮುಟ್ಟಿರಲಿಲ್ಲ. ಸ್ಟೇಷನ್ನಿನ ಹೊರಗಿನ ಬೂತಿನಿಂದ ಹೆಡ್‌ಮಾಸ್ಟರ ಊರಿಗೆ ಫೋನು ಹಚ್ಚಿದರೆ ಆ ಕಡೆ ಬರೀ ಗೊರಗೊರ. ಗಡಿಯಾಚೆ ಬಂದ್ ನಡೆಯುತ್ತಿದೆ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಸ್ಟೇಷನ್ ಮಾಸ್ಟರು, ಹನ್ನೊಂದರ ಸುಮಾರಿಗೆ ಎದುರಿನ ಪ್ಲಾಟ್‌ಫಾರ್ಮಿಗೆ ದಕ್ಷಿಣಕ್ಕೆ ಹೋಗುವ ಗಾಡಿ ಬರುತ್ತದೆ, ಬೇಕಾದವರು ಹಿಂದಿರುಗಬಹುದು ಎಂದರು. ಆ ಮಾತು ನಮ್ಮ ನಡುವೆ ಬಿದ್ದದ್ದೇ ತಡ, ಐವರ ಮಾತು ಒಡೆಯಿತು. ಶೆಟ್ಟರು ಹಿಂದಕ್ಕೆ, ನಾನೂ ಹಿಂದಕ್ಕೆ. ಹೋಗಿ ಮುಟ್ಟುವಷ್ಟರಲ್ಲಿ ಶಿಬಿರವೇ ಮುಗಿದಿರುತ್ತದೆ, ಬಂದವರು ಚದುರಿರುತ್ತಾರೆ, ಖಾಲಿ ಶಾಲೆಗೆ ಹೋಗಿ ಗೋಡೆಗೆ ಆಪರೇಷನ್ ಮಾಡಬೇಕೇ ಎಂದು ನಾನು ವಾದಿಸಿದೆ. ಗ್ರೇಸಮ್ಮ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಡಾಕ್ಟರು ನಿಮ್ಮಿಷ್ಟ ಎಂದರು. ಮುಂದೆ ನಿಂತು ಕರೆತಂದವರು ನಿಮ್ಮಿಷ್ಟ ಎಂದರೆ ಜೊತೆಗೆ ಬಂದವರ ಕೈಕಾಲು ತಣ್ಣಗಾಗುತ್ತವೆ. ಮಾತಿಗೆ ಮಾತು ಬೆಳೆದು, ಈ ಅಮಾಸಿಯ ದೆಸೆಯಿಂದ ಎಂಬಲ್ಲಿಗೆ ಮತ್ತೊಮ್ಮೆ ಬಂದು ನಿಂತಿತು.

ಆಗ ತಿಪ್ಪಣ್ಣ ಎದ್ದ. ಹೆಗಲ ಮೇಲಿನ ಕಂಬಳಿ ಕೊಡವಿ, ಬೆಂಚಿನ ಪಕ್ಕದ ಒಣ ಜಾಗ ನೋಡಿ, ಹುಬ್ಬುತಗ್ಗಿಲ್ಲದಂತೆ ಹಾಸಿದ.

"ಚಪ್ಲಿ ಆಚೆ ಬಿಟ್ಟು ಬಂದು ಇದ್ರ ಮ್ಯಾಲೆ ಕುಂತ್ಕಳ್ರಿ, ಎಲ್ಲಾರೂ" ಎಂದ.

"ಏನಪ್ಪ, ರೈಲ್ವೆ ಸ್ಟೇಷನ್ನಾಗೆ ಪಂಚಾಯ್ತಿನಾ" ಎಂದರು ಶೆಟ್ಟರು.

"ಹೂಂ ರೀ. ನಮ್ಮ ಕಡೆ ಕಂಬಳಿ ಹಾಸಿದ ಮ್ಯಾಲೆ ಸುಳ್ಳು ಹೇಳಂಗಿಲ್ಲ, ಅರ್ಧಕ್ಕೆ ಏಳಂಗಿಲ್ಲ. ಒಬ್ಬೊಬ್ರೇ ಹೇಳ್ರಿ. ಹಾಸಿದೋನು ಕೊನೀಗೆ ಹೇಳ್ತಾನೆ."

ಕುರಿ ಕಾಯುವವರ ಹಟ್ಟಿಗಳಲ್ಲಿ ಇದು ಇದ್ದದ್ದೇ. ನಾನು ಬಾಲ್ಯದಲ್ಲಿ ನಮ್ಮಜ್ಜನ ಬೆರಳು ಹಿಡಿದು ಅಂಥ ಕೂಟ ನೋಡಿದ್ದೇನೆ. ಕಂಬಳಿ ಹಾಸುವವರೆಗೆ ಹಾರಾಡುವ ಗಂಡಸರು ಅದರ ಮೇಲೆ ಕುಳಿತೊಡನೆ ದನಿ ತಗ್ಗಿಸುತ್ತಿದ್ದರು. ದೇವರನ್ನು ಕೂರಿಸುವುದೂ ಅದರ ಮೇಲೆ, ಮದುವೆಯ ವೀಳ್ಯ ಇಡುವುದೂ ಅದರ ಮೇಲೆ. ಅಂಥದರ ಮೇಲೆ ಕುಳಿತು ಸುಳ್ಳಾಡಿದರೆ ಮಂದೆಗೆ ಕೇಡು ಎಂಬ ನಂಬಿಕೆ. ನಮಗೆ ಮಂದೆ ಇರಲಿಲ್ಲ. ಆದರೂ ಚಪ್ಪಲಿ ಬಿಟ್ಟು ಕುಳಿತೆವು. ಆ ಚಳಿಯಲ್ಲಿ ಕಲ್ಲುಬೆಂಚಿಗಿಂತ ಕಂಬಳಿ ಬೆಚ್ಚಗಿತ್ತೆಂಬುದೂ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಶೆಟ್ಟರು. ಮನೆಯಲ್ಲಿ ಮಗಳನ್ನು ನೋಡಲು ಬರುವವರಿದ್ದಾರೆ, ಆ ಗಂಡು ತಮಗೆ ಹಿಡಿಸಿಲ್ಲ, ಹೆಂಡತಿಗೆ ಎದುರು ಹೇಳಲಾರದೆ ಸೇವೆಯ ನೆಪ ಮಾಡಿ ಬಂದದ್ದು, ಈಗ ತಾವಿಲ್ಲದಾಗ ಒಪ್ಪಿಬಿಟ್ಟರೆ ಎಂಬ ಅಳುಕಿನಿಂದ ಹಿಂದಿರುಗಬೇಕೆನಿಸಿದೆ ಎಂದರು. ಹಿರಿಯೂರಿನ ಅಂಗಡಿಯಲ್ಲಿ ಹತ್ತು ವರ್ಷ ಮಾತಾಡಿದರೂ ಅವರ ಬಾಯಿಂದ ಬಾರದ ಮಾತದು. ಗ್ರೇಸಮ್ಮ, ತನಗೆ ಕ್ರಿಸ್ಮಸ್ಸಿಗೆ ಆಗದಿದ್ದರೂ ಹೊಸ ವರ್ಷಕ್ಕಾದರೂ ದುರ್ಗದ ಇಗರ್ಜಿಯಲ್ಲಿ ಇರಬೇಕೆಂದು ಬಲು ಆಸೆಯಾಗಿದೆ, ಆದರೆ ಹೀಗೆ ಅರ್ಧದಾರಿಯಿಂದ ಹೋಗಿ ಅಲ್ಲಿ ಮೊಣಕಾಲೂರಲು ಮುಖವಿರುವುದಿಲ್ಲ ಎಂದರು. ನನ್ನ ಸರದಿ ಬಂತು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ, ಉಳಿದ ಸಾಂದರ್ಭಿಕ ರಜೆ, ಇವೆಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅಂಗೈಯ ಕೆಳಗೆ ಉಣ್ಣೆಯ ಒರಟು. "ನಾನು ಬಂದದ್ದು ಹಿಮಾಲಯ ನೋಡಕ್ಕೆ" ಎಂದೆ. "ಸೇವೆ ಗೀವೆ ಆಮೇಲಿಂದು. ಈ ಮಂಜಿನಾಗೆ ಅದೂ ಕಾಣಲ್ಲ ಅನ್ನಿಸ್ತು, ಅದಕ್ಕೆ ವಾಪಸ್ ಹೋಗಾಣ ಅಂದೆ." ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಇನ್ನು ಡಾಕ್ಟರು. ಕೋಟಿನ ಒಳಜೇಬಿನಿಂದ ಒಂದು ಕಾಗದ ತೆಗೆದು ಬಿಚ್ಚದೆ ಮುಂದಿಟ್ಟರು. ಅದು ಆ ಹೆಡ್‌ಮಾಸ್ಟರು ಬರೆದದ್ದು. ಹಿಂದಿನ ವರ್ಷ ಕೊನೆಯ ದಿನ ಕೊನೆಗೆ ಆಪರೇಷನ್ ಆದವಳು ಗುಡ್ಡದ ಮೇಲಿನ ಹಳ್ಳಿಯ ಒಬ್ಬ ಮುದುಕಿ. ನಮ್ಮವರು ಹಿಂದಿರುಗಿದ ಮೇಲೆ ಆ ಕಣ್ಣಿಗೆ ನಂಜೇರಿ ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೂ ಪೊರೆ ಮುಚ್ಚಿಕೊಂಡಿದೆ, ಆ ಡಾಕ್ಟರು ಬಂದರೆ ತಾನೂ ಬರುತ್ತೇನೆಂದು ಹೇಳಿದ್ದಾಳೆ ಎಂದು ಕಾಗದದಲ್ಲಿತ್ತಂತೆ. ಬರುತ್ತೇನೆ, ಮೊದಲನೆಯ ದಿನವೇ ನೋಡುತ್ತೇನೆ ಎಂದು ಇವರು ಉತ್ತರ ಬರೆದಿದ್ದರು. ಯಾರಿಗೂ, ಗ್ರೇಸಮ್ಮನಿಗೂ, ಹೇಳಿರಲಿಲ್ಲ.

"ಅವತ್ತು ಸಾಯಂಕಾಲ ಸಾಕಾಗಿತ್ತು. ಹಸಿವಾಗಿತ್ತು. ಆತುರ ಮಾಡಿದೆ" ಎಂದರು. "ಆ ಮುದುಕಿ ಮುಂದೆ ಹೋಗಿ ನಿಂತ್ಕಳಕ್ಕೆ ನಂಗೆ ಧೈರ್ಯ ಇರ್ಲಿಲ್ಲ. ತಡ ಆದ್ರೆ ಅವಳು ಬಂದು ಕಾದು ಹೋಗಿರ್ತಾಳೆ ಅನ್ಕಂಡೆ. ತಿಪ್ಪಣ್ಣ ಅಮಾಸಿ ಅಂದ, ನಂಗೆ ನೆಪ ಸಿಕ್ತು. ಟಿಕೆಟ್ ಕ್ಯಾನ್ಸಲ್ ಮಾಡಿದ್ದು ಅವನಿಗಾಗಿ ಅಲ್ಲ. ಇಷ್ಟು ದಿನ ನೀವು ಅವನನ್ನ ಆಡ್ಕಂಡ್ರಿ, ನಾನು ಬಾಯಿ ಮುಚ್ಕಂಡು ಕುಂತಿದ್ದೆ."

ಈಗ ತಿಪ್ಪಣ್ಣನ ಸರದಿ.

"ಅಮಾಸಿ ಸುಳ್ಳಲ್ರೀ" ಎಂದು ಶುರುಮಾಡಿದ. "ಆದ್ರೆ ಅಮಾಸಿ ದಿನ ನಾನು ಎಷ್ಟು ಸಲ ಬಸ್ ಹತ್ತಿ ದುರ್ಗಕ್ಕೆ ಹೋಗಿಲ್ಲ ಹೇಳ್ರಿ. ಆ ಕಾಗದ ಬಂದಾಗಿಂದ ಸಾಹೇಬ್ರು ದಿನಾ ತಗಿಯೋದು, ದಿನಾ ಇಡೋದು, ನಾನು ನೋಡ್ತಿದ್ದೆ. ಅದ್ರಾಗೆ ಏನೈತೋ ನಂಗೆ ಗೊತ್ತಿಲ್ಲ. ಬೆದರಿದ್ದು ಗೊತ್ತಾತು. ಬೆದರಿದ ಕುರೀನ ಹೊಡ್ಕಂಡು ಹೋಗಬಾರ್ದು ರೀ, ಒಂದಿನ ನಿಲ್ಲಿಸ್ಬೇಕು, ತಾನೇ ಮೇವಿಗೆ ಬಾಯಿ ಹಾಕ್ತತೆ. ಅದಕ್ಕೆ ಅಮಾಸಿ ಅಂದೆ. ರೈಲು ವಾರಕ್ಕೊಂದೇ ಅಂತ ನಂಗೆ ಗೊತ್ತಿರ್ಲಿಲ್ಲ. ಅದು ನನ್ನ ತಪ್ಪು."

ಇದಿಷ್ಟು ಹೇಳಿ, ಹಾಸಿದವನ ಹಕ್ಕಿನಿಂದ ತೀರ್ಮಾನವನ್ನೂ ಅವನೇ ಕೇಳಿದ: ಹೋಗಾಣೋ, ಬ್ಯಾಡವೋ. ಡಾಕ್ಟರು ಹೋಗಾಣ ಎಂದರು. ಉಳಿದವರನ್ನು ಕೇಳುವ ಅಗತ್ಯ ಬೀಳಲಿಲ್ಲ. ಹನ್ನೊಂದರ ದಕ್ಷಿಣದ ಗಾಡಿ ಎರಡು ಗಂಟೆಗೆ ಬಂತು. ಶೆಟ್ಟರು ಅದರ ಕಡೆ ಒಮ್ಮೆ ನೋಡಿ, ಬಾಳೆಹಣ್ಣು ತರಲು ಹೋದರು.

ಮುಂದಿನ ದಾರಿ ಸುಲಭವಾಯಿತೆಂದು ಹೇಳಿದರೆ ಕಥೆಗೆ ಚಂದ, ನಿಜಕ್ಕೆ ದೂರ. ಗಡಿಯಲ್ಲಿ ಬಂದ್ ಇದ್ದದ್ದು ಖರೆ. ಒಂದು ಇಡೀ ದಿನ ಸಾಲುಗಟ್ಟಿದ ಲಾರಿಗಳ ನಡುವೆ ಕಳೆದೆವು. ಆ ದಿನವೇ ಕ್ರಿಸ್ಮಸ್. ಗ್ರೇಸಮ್ಮ ಒಂದು ಲಾರಿಯ ಮರೆಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಪ್ರಾರ್ಥನೆ ಮುಗಿಸಿ, ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಒಡೆದು ನಮಗೂ ಇಬ್ಬರು ಲಾರಿ ಡ್ರೈವರುಗಳಿಗೂ ಹಂಚಿದರು. ನಾನು ತಿಪ್ಪಣ್ಣನ ಪಕ್ಕದಲ್ಲಿ ಕುಳಿತು ಕಿತ್ತಳೆಹಣ್ಣಿನ ಪಾಠದ ಬಗ್ಗೆ ಏನೋ ಹೇಳಲು ಹೋದೆ. ಬಿಡ್ರಿ ಮೇಷ್ಟ್ರೇ, ಹಣ್ಣು ಸಿಹಿ ಇತ್ತು ಎಂದ. ಕ್ಷಮೆಯನ್ನು ಇಷ್ಟು ಅಗ್ಗವಾಗಿ ಕೊಟ್ಟರೆ ತೆಗೆದುಕೊಂಡವನಿಗೆ ಅದು ಇನ್ನಷ್ಟು ಭಾರ.

ಶಿಬಿರ ಮುಗಿಯಬೇಕಿದ್ದ ದಿನದ ಮರುದಿನ ಮಧ್ಯಾಹ್ನ ಆ ಶಾಲೆ ಮುಟ್ಟಿದೆವು. ಅಂಗಳ ಖಾಲಿ. ಮೂರು ದಿನದಲ್ಲಿ ಬಂದವರೆಲ್ಲ ಬಂದ ದಾರಿ ಹಿಡಿದಿದ್ದರು. ಇನ್ನು ಏರಲಾರದ, ಇಳಿಯಲಾರದ ಹದಿನೇಳು ಜನ ಮಾತ್ರ ಒಂದು ತರಗತಿಯಲ್ಲಿ ಒಣಹುಲ್ಲು ಹಾಸಿಕೊಂಡು ಉಳಿದಿದ್ದರು. ಬಾಗಿಲ ಪಕ್ಕದಲ್ಲಿ ಒಬ್ಬ ಮುದುಕಿ, ಒಂದು ಕಣ್ಣು ಬತ್ತಿ ಒಳಗೆ ಹೋಗಿತ್ತು, ಇನ್ನೊಂದು ಮೊಸರಿನಂತೆ ಬಿಳುಪು. ಹೆಡ್‌ಮಾಸ್ಟರು ಹೇಳದೆಯೇ ತಿಳಿಯಿತು.

ಡಾಕ್ಟರು ಕೈಕಾಲು ತೊಳೆಯದೆ, ಚಹಾ ಮುಟ್ಟದೆ, ನೇರ ಅವಳ ಮುಂದೆ ಹೋದರು. ನೆಲದಲ್ಲಿ ಕೂರಲು ಮಂಡಿ ಬಗ್ಗಿಸುವಷ್ಟರಲ್ಲಿ ತಿಪ್ಪಣ್ಣ ಕಂಬಳಿ ಹಾಸಿಯಾಗಿತ್ತು. ಮುದುಕಿ ಕೈ ಚಾಚಿ ಅದನ್ನು ಮುಟ್ಟಿದಳು, ಅಂಚನ್ನು ಮೂಗಿನ ಹತ್ತಿರ ತಂದು ಮೂಸಿ ಏನೋ ಅಂದಳು. ಅವಳ ಮಾತನ್ನು ಹೆಡ್‌ಮಾಸ್ಟರು ಹಿಂದಿಗೆ ತರಬೇಕು, ಹಿಂದಿಯಿಂದ ಗ್ರೇಸಮ್ಮ ಕನ್ನಡಕ್ಕೆ. ಎರಡು ಹೊಳೆ ದಾಟಿ ಬಂದ ಮಾತು ಇಷ್ಟು: ಹೋದ ವರ್ಷ ನಡುಗುತ್ತಿದ್ದಾಗ ಇದನ್ನು ತನಗೆ ಹೊದಿಸಿದ್ದರು, ಆ ಮನುಷ್ಯನೂ ಬಂದಿದ್ದಾನೆಯೇ.

ಡಾಕ್ಟರು ಕಂಬಳಿಯ ಮೇಲೆ ಕುಳಿತು ಹೇಳಿದರು. ನಿನ್ನ ಕಣ್ಣು ಹೋದದ್ದು ನನ್ನ ಕೈಯಿಂದ. ನಾನು ಆತುರ ಮಾಡಿದ್ದೆ. ಈಗ ತಡಮಾಡಿ ಬಂದದ್ದೂ ದಾರಿಯ ತಪ್ಪಿನಿಂದ ಮಾತ್ರವಲ್ಲ, ಹೆದರಿಕೆಯಿಂದ. ಗ್ರೇಸಮ್ಮ ಅದನ್ನು ಹಿಂದಿಗೆ ತರುವಾಗ ಒಂದು ಕಡೆ ತಡೆದರು, ಡಾಕ್ಟರು ಅದನ್ನೂ ಹೇಳಿ ಸಿಸ್ಟರ್ ಎಂದರು. ಮುದುಕಿ ಪೂರ್ತಿ ಕೇಳಿಸಿಕೊಂಡಳು. ಸಿಟ್ಟು ಮಾಡಿದಳೋ ಇಲ್ಲವೋ ಆ ಮುಖದಲ್ಲಿ ತಿಳಿಯುವಂತಿರಲಿಲ್ಲ. ಕೊನೆಗೆ, ಬಿಂದಿಗೆ ಒಮ್ಮೆ ಒಡೆದವಳು ಮರುದಿನ ಮೆಲ್ಲಗೆ ನಡೆಯುತ್ತಾಳೆ, ಹೊಸಬನ ಕೈಗೆ ನನ್ನ ಇನ್ನೊಂದು ಕಣ್ಣು ಕೊಡಲು ನನಗಿಷ್ಟವಿಲ್ಲ, ಅದಕ್ಕೇ ಕಾದೆ ಎಂದಳಂತೆ. ಡಾಕ್ಟರು ಎದ್ದು ಹೊರಗೆ ಹೋಗಿ ಕೈ ತೊಳೆದರು. ಬಹಳ ಹೊತ್ತು ತೊಳೆದರು.

ಮರುದಿನ ಮೊದಲ ಆಪರೇಷನ್ ಅವಳದೇ. ಆ ಹದಿನೇಳು ಜನರಿಗಾಗಿ ನಾವು ಮೂರು ದಿನ ನಿಂತೆವು. ಒಬ್ಬರದು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ತಿಪ್ಪಣ್ಣ ಸಾಮಾನನ್ನು ಗಡಿಯಾರ ನೋಡಿಕೊಂಡು ಕುದಿಸಿದ. ಅವನಿಗೆ ಗಡಿಯಾರ ಓದಲು ಬಾರದಾದ್ದರಿಂದ ದೊಡ್ಡ ಮುಳ್ಳು ಎಲ್ಲಿಗೆ ಬರಬೇಕೆಂದು ನಾನು ಗಾಜಿನ ಮೇಲೆ ಸುಣ್ಣದ ಬೊಟ್ಟು ಇಟ್ಟು ಕೊಟ್ಟಿದ್ದೆ. ನನ್ನ ವಿಜ್ಞಾನ ಆ ಪ್ರವಾಸದಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟೇ. ಪಟ್ಟಿ ಬಿಚ್ಚಿದ ಬೆಳಿಗ್ಗೆ ಮುದುಕಿ ಡಾಕ್ಟರ ಬೆರಳು ಎಣಿಸಿದಳು, ಗ್ರೇಸಮ್ಮನ ಮುಖ ನೋಡಿದಳು, ಆಮೇಲೆ ಕಂಬಳಿಯ ಕಡೆ ತಿರುಗಿ, ಇದು ಇಷ್ಟು ಕಪ್ಪೆಂದು ಗೊತ್ತಿರಲಿಲ್ಲ, ನಾನು ಬೂದು ಎಂದುಕೊಂಡಿದ್ದೆ ಎಂದಳು. ತಿಪ್ಪಣ್ಣ ಅದನ್ನು ಅವಳ ಹೆಗಲಿಗೆ ಹಾಕಿ, ಇಸಿದುಕೊಳ್ಳಲಿಲ್ಲ.

ಹಿಮಾಲಯ ನನಗೆ ಕಾಣಲಿಲ್ಲ. ಹೊರಡುವ ದಿನ ಮುದುಕಿ ಶಾಲೆಯ ಜಗಲಿಯಲ್ಲಿ ನಿಂತು, ಒಂದು ಕಡೆ ಕೈ ತೋರಿಸಿ, ಅಲ್ಲಿದೆ ಎಂದಳು. ವರ್ಷಗಟ್ಟಲೆ ನೋಡದಿದ್ದರೂ ಅವಳಿಗೆ ದಿಕ್ಕು ತಪ್ಪಿರಲಿಲ್ಲ. ಎರಡೂ ಕಣ್ಣು ನೆಟ್ಟಗಿದ್ದ ನಾನು ಆ ಕಡೆ ನೋಡಿದೆ. ಬರೀ ಮಂಜು.

ಹಿಂದಿರುಗಿ ಬಂದ ಮೇಲೆ, ಆ ಬೇಸಿಗೆಗೆ ಮೊದಲು, ತಿಪ್ಪಣ್ಣ ನಮ್ಮ ಮನೆಗೆ ಬಂದು ಒಂದು ಹೊಸ ಕಂಬಳಿ ಕೊಟ್ಟ. ತಮ್ಮ ಮನೆಯ ಕುರಿಯ ಉಣ್ಣೆಯಲ್ಲಿ ಮತ್ತೋಡಿನಲ್ಲೇ ನೇಯಿಸಿದ್ದು. ಇಷ್ಟು ದಪ್ಪದ್ದು ಯಾಕಪ್ಪ, ನಮಗೆಲ್ಲಿ ಅಂಥ ಚಳಿ ಎಂದೆ. "ಚಳಿಗಲ್ರೀ, ಮಾತಿಗೆ" ಎಂದು ಮಜ್ಜಿಗೆ ಕುಡಿದು ಹೋದ. ಬೀರುವಿನ ಮೇಲಿರುವುದು ಅದೇ. ನಾನೂ ಎಷ್ಟೋ ಅಮಾವಾಸ್ಯೆಗಳನ್ನು ನೆಪ ಮಾಡಿಕೊಂಡವನು. ಕಾಗದ ಬರೆಯಬೇಕಾದಾಗ ಶಾಯಿ ಮುಗಿದದ್ದು, ಹೋಗಿ ನೋಡಬೇಕಾದವರ ಊರಿಗೆ ಬಸ್ಸು ತಪ್ಪಿದ್ದು, ಇವನ್ನೆಲ್ಲ ಎಣಿಸುತ್ತ ಹೋದರೆ ನನ್ನ ಪಂಚಾಂಗದಲ್ಲಿ ಹುಣ್ಣಿಮೆಗೆ ಜಾಗವೇ ಉಳಿಯದು. ಪ್ರತಿಯೊಂದಕ್ಕೂ ಯಾವನೋ ಒಬ್ಬ ತಿಪ್ಪಣ್ಣ ಬೈಸಿಕೊಂಡಿರುತ್ತಾನೆ. ಸೊಸೆಗೆ ಇಷ್ಟನ್ನೂ ಹೇಳಿದೆ. ಅವಳು ಸಿಲಿಂಡರಿನ ಅಡಿಗೆ ಗೋಣಿತಾಟು ಹಾಸಿದಳು.

ಒಂದು ಸಂಗತಿ ಉಳಿಯಿತು. ನೇಪಾಳದಿಂದ ಬಂದ ಮರುವರ್ಷ, ಯುಗಾದಿ ಕಳೆದ ಮೇಲೆ, ಡಾಕ್ಟರು ನಮ್ಮ ಮನೆಗೆ ಫೋನು ಮಾಡಿ, ಮೇಷ್ಟ್ರೇ, ಕಂಬಳಿ ತಗಂಡು ಭರಮಸಾಗರಕ್ಕೆ ಬರ್ರಿ ಎಂದರು. ತಿಪ್ಪಣ್ಣ ಊರಲ್ಲಿರಲಿಲ್ಲ. ದಾವಣಗೆರೆ ರಸ್ತೆಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿದ್ದ ಒಬ್ಬರಿಗೆ ಡಾಕ್ಟರು ಮಾಡಿದ ಆಪರೇಷನ್ ಕೆಟ್ಟು ಒಂದು ಕಣ್ಣು ಹೋಗಿತ್ತು. ಕೆರೆಯ ಏರ ಕೆಳಗಿನ ಅವರ ಮನೆಗೆ ಬಿಸಿಲಲ್ಲಿ ನಡೆದು ಹೋದೆವು. ಅವರ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು ಒಳಗೆ ಕರೆಯಲಿಲ್ಲ. ನಾನು ಜಗಲಿಯ ಮೇಲೆ ಕಂಬಳಿ ಹಾಸಿದೆ. ಡಾಕ್ಟರು ಚಪ್ಪಲಿ ಬಿಟ್ಟು ಕುಳಿತು, ನಡೆದದ್ದನ್ನು ಒಂದೊಂದಾಗಿ ಹೇಳಿದರು, ತಮ್ಮ ಕೈ ಎಲ್ಲಿ ತಪ್ಪಿತೆಂಬುದನ್ನೂ ಹೇಳಿದರು. ಒಳಗೆ ಹೊಲಿಗೆಯವರು ಕೆಮ್ಮಿದ್ದು ಕೇಳಿಸಿತು. ಹಾಸಿದವನು ಕೊನೆಗೆ ಮಾತಾಡಬೇಕು. ನಾನು ಅಂಚಿಗೆ ಸರಿದು ಇಬ್ಬರಿಗೆ ಜಾಗ ಬಿಟ್ಟೆ.

ಆ ಹೆಣ್ಣುಮಗಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದುಕೊಂಡೆ. ಗಂಡನ ಕೈ ಹಿಡಿದು ಹೊರಗೆ ಕರೆತಂದು, ಕಂಬಳಿಯ ಒಂದು ತುದಿಗೆ ಅವರನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು.

"ಇನ್ನೊಂದು ಕಣ್ಣು ಏನ್ಮಾಡಾಣ, ಅದ್ನ ಹೇಳ್ರಿ" ಎಂದಳು.